ಗುರುವಾರ ಮಾತ್ರ ಓಡುವ ಕಂಪ್ಯೂಟರ್

ನಮ್ಮ ಮಿಲ್ಲಿನಲ್ಲಿ ಒಂದು ಕಂಪ್ಯೂಟರಿದೆ. ಅದು ಗುರುವಾರ ಮಾತ್ರ ಓಡುತ್ತಿತ್ತು. ಉಳಿದ ದಿನ ತೆವಳುತ್ತಿತ್ತು.

ನಗಬೇಡಿ. ನಾನೂ ಮೊದಲು ನಕ್ಕಿದ್ದೆ.

ಸೂರತ್ ಪಕ್ಕದ ಸಚಿನ್ ಎಂಬ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲು ನಮ್ಮದು (ನಮ್ಮದು ಅಂದರೆ, ನನಗೆ ಸಂಬಳ ಕೊಡುವವರದು). ಅಲ್ಲಿನ ನಲವತ್ತು ಕಂಪ್ಯೂಟರುಗಳ ಯೋಗಕ್ಷೇಮ ನನ್ನ ಪಾಲಿನ ಕೆಲಸ. ಈ ಗುರುವಾರದ ಕಂಪ್ಯೂಟರ್ ಇರುವುದು ಕಲರ್ ಲ್ಯಾಬಿನಲ್ಲಿ. ಅದರ ಮುಂದೆ ಕೂರುವವರು ಹಸ್ಮುಖ್‌ಭಾಯ್. ರಿಟೈರ್ ಆಗಲು ಇನ್ನು ಮೂರು ವರ್ಷ. ಬಟ್ಟೆಯ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು, ಯಾವ ನೀಲಿ ಎಷ್ಟು, ಯಾವ ಕೆಂಪು ಎಷ್ಟು ಎಂದು ಹೇಳಿಬಿಡುತ್ತಾರೆ. ಆದರೆ ಈಗ ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ. ಕಂಪ್ಯೂಟರಿಗೆ ಹಾಕಿ, ಚೀಟಿ ಪ್ರಿಂಟ್ ತೆಗೆದು ಕಳಿಸಿದ ಮೇಲೇ ಕೆಳಗೆ ಮಷೀನ್ ಶುರುವಾಗುವುದು.

ಚೀಟಿ ದಿನಾ ತಡವಾಗತೊಡಗಿತು. ಜನರಲ್ ಮ್ಯಾನೇಜರ್ ನನ್ನನ್ನು ಕರೆದರು. "ತೊಂದರೆ ಕಂಪ್ಯೂಟರಿನದೋ, ಅವರದೋ? ಶುಕ್ರವಾರ ರಿಪೋರ್ಟ್ ಕೊಡಿ. ಅವರದೇ ಆದರೆ ಗೋಡೌನಿಗೆ ಹಾಕೋಣ."

ಬಣ್ಣ ನೋಡುವ ಮನುಷ್ಯ ಗೋಡೌನಿನ ಕತ್ತಲಲ್ಲಿ ಕೂತು ಮಾಡುವುದೇನು? ಆ ಮಾತು ಹಸ್ಮುಖ್‌ಭಾಯ್ ಕಿವಿಗೂ ಬಿದ್ದಿತ್ತು.

ನಾನು ಸುಮ್ಮನೆ ಕೂತವನಲ್ಲ. ವೈರಸ್ ಹುಡುಕಿದೆ. ಮೆಮೊರಿ ಹೆಚ್ಚಿಸಿದೆ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದೆ. ಏನು ಮಾಡಿದರೂ ಪ್ರೊಸೆಸರ್ ನೂರಕ್ಕೆ ತೊಂಬತ್ತೆಂಟರಲ್ಲೇ ನಿಂತಿರುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆಗೆದರೆ ಪಟ್ಟಿಯ ತಲೆಯಲ್ಲಿ ಹೆಡ್ ಆಫೀಸಿನವರು ಕೊಟ್ಟ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್. ಆದರೆ ಅದು ನಲವತ್ತರಲ್ಲೂ ಇದೆ. ಉಳಿದ ಮೂವತ್ತೊಂಬತ್ತು ಆರಾಮಾಗಿವೆ. ಹೆಡ್ ಆಫೀಸಿನದು ಬೇರೆ. ಅದರ ಮೇಲೆ ಅನುಮಾನ ಪಡುವುದುಂಟೆ?

ಆ ಸಾಫ್ಟ್‌ವೇರಿನ ಮೇಲೆ ನನಗೆ ಪ್ರೀತಿಯೂ ಇತ್ತು (ಒಪ್ಪಿಕೊಂಡುಬಿಡುತ್ತೇನೆ). ಯಾರ ಸ್ಕ್ರೀನ್ ಬೇಕಾದರೂ ನನ್ನ ಕ್ಯಾಬಿನ್ನಿನಲ್ಲಿ ಕೂತೇ ನೋಡಬಹುದಿತ್ತು. ತೊಂದರೆ ಶುರುವಾದಾಗಿನಿಂದ ಬೆಳಿಗ್ಗೆ ಬಂದವನೇ ಹಸ್ಮುಖ್‌ಭಾಯ್ ಸ್ಕ್ರೀನ್ ತೆಗೆದಿಟ್ಟುಕೊಳ್ಳುತ್ತಿದ್ದೆ. ಸಂಜೆಯವರೆಗೂ ಅದು ಅಲ್ಲೇ ಇರುತ್ತಿತ್ತು. ಅವರ ಮೌಸಿನ ಬಾಣ ನಿಂತು ನಿಂತು ಹೋಗುವುದನ್ನು ನೋಡಿ ಪಾಪ ಅನಿಸುತ್ತಿತ್ತು. 'ಆಪರೇಟರ್ ನಿಧಾನ' ಎಂದು ರಿಪೋರ್ಟಿನ ಮೊದಲ ಸಾಲನ್ನೂ ಬರೆದಿಟ್ಟಿದ್ದೆ.

ಹಸ್ಮುಖ್‌ಭಾಯ್ ಲೆಕ್ಕಾಚಾರವೇ ಬೇರೆ. ಗುರುವಾರ ಗುರುವಿನ ವಾರ. ಅವತ್ತು ಕಂಪ್ಯೂಟರಿಗೆ ಎರಡು ಊದುಬತ್ತಿ ಹಚ್ಚಿದರೆ ಚೀಟಿ ಪಟಪಟ ಬರುತ್ತದೆ. ಲ್ಯಾಬಿನ ಕ್ಯಾಲೆಂಡರಿನಲ್ಲಿ ಗುರುವಾರಗಳಿಗೆಲ್ಲ ಕುಂಕುಮದ ಬೊಟ್ಟು ಇಟ್ಟಿದ್ದರು. ನಾನು ಆ ಪವಾಡವನ್ನು ಕಣ್ಣಾರೆ ಕಂಡಿರಲಿಲ್ಲ. ಗುರುವಾರ ಹೆಡ್ ಆಫೀಸಿನ ಮೀಟಿಂಗ್. ಬೆಳಗಿನ ರೈಲು ಹತ್ತಿ, ಅಹಮದಾಬಾದಿನ ಮಣಿನಗರದಲ್ಲಿ ಇಳಿದು, ಅಲ್ಲಿನವರ ಉಪದೇಶ ಕೇಳಿಕೊಂಡು ಬರುವ ದಿನ ಅದು.

ರಿಪೋರ್ಟ್ ಕೊಡುವ ಹಿಂದಿನ ದಿನ, ಗುರುವಾರ, ಮೀಟಿಂಗ್ ರದ್ದಾಯಿತು. ನಾನು ಕ್ಯಾಬಿನ್ನಿನಲ್ಲೇ ಇದ್ದೆ. ಹನ್ನೊಂದಕ್ಕೆ ಫೋನ್ ಬಂತು.

"ಸಾಹೇಬ್, ಇವತ್ತು ಗುರುವಾರ. ಊದುಬತ್ತಿ ಹಚ್ಚಿದ್ದೀನಿ. ಆದರೂ ಓಡ್ತಿಲ್ಲ," ಎಂದರು ಹಸ್ಮುಖ್‌ಭಾಯ್, ಅವರ ಗುಜರಾತಿ ಬೆರೆತ ಹಿಂದಿಯಲ್ಲಿ. ಆಮೇಲೆ ಮೆಲ್ಲಗೆ, "ನನ್ನದೇ ತಪ್ಪಿರಬೇಕು. ಕೈ ಮೊದಲಿನ ಹಾಗಿಲ್ಲ. ಗೋಡೌನಿಗೆ ಹೋಗ್ತೀನಿ ಅಂತ ನೀವೇ ಬರೆದುಬಿಡಿ."

ಎದುರಿನ ಸ್ಕ್ರೀನಿನಲ್ಲಿ ಅವರ ಬಾಣ ಅಲುಗಾಡದೆ ನಿಂತಿತ್ತು. ಇಷ್ಟು ಗುರುವಾರ ಓಡಿದ್ದು ಈ ಗುರುವಾರ ಯಾಕೆ ಓಡುತ್ತಿಲ್ಲ? ಇವತ್ತು ಹೊಸದೇನಿದೆ?

ನಾನಿದ್ದೇನೆ.

ರಿಸೀವರ್ ಕಿವಿಯಲ್ಲಿ ಇಟ್ಟುಕೊಂಡೇ ಅವರ ಸ್ಕ್ರೀನ್ ತೋರಿಸುತ್ತಿದ್ದ ಕಿಟಕಿಯನ್ನು ಮುಚ್ಚಿದೆ.

"ಅರೆ, ಬಂತು ಸಾಹೇಬ್."

ತೆರೆದೆ. "ಹೋಯ್ತು."

ಮುಚ್ಚಿದೆ. "ಮತ್ತೆ ಬಂತು. ನೀವೇನು ಮಾಡಿದ್ರಿ?"

ಆ ಹಳೇ ಮಷೀನು ತನ್ನ ಪರದೆಯ ಮೂಲೆಮೂಲೆಯನ್ನೂ ಕ್ಷಣಕ್ಷಣಕ್ಕೂ ನನಗೆ ಒಪ್ಪಿಸುವುದರಲ್ಲೇ ಸುಸ್ತಾಗುತ್ತಿತ್ತು. ಹಸ್ಮುಖ್‌ಭಾಯ್ ಕೆಲಸಕ್ಕೆ ಉಳಿಯುತ್ತಿದ್ದದ್ದು ನೂರರಲ್ಲಿ ಎರಡು ಪಾಲು. ಮೊದಲು ಯಾವತ್ತೋ ಒಂದು ಸಣ್ಣ ತೊಂದರೆ ಇದ್ದಿರಬಹುದು. ಆಮೇಲಿನದೆಲ್ಲ ನನ್ನದೇ ಕೃಪೆ. ಖುದ್ದಾಗಿ ಲ್ಯಾಬಿಗೆ ಹೋಗಿ ನೋಡಿದಾಗಲೂ ಇತ್ತ ಕ್ಯಾಬಿನ್ನಿನಲ್ಲಿ ಆ ಕಿಟಕಿ ತೆರೆದೇ ಇರುತ್ತಿತ್ತು.

ಲ್ಯಾಬಿಗೆ ಹೋಗಿ ಎಲ್ಲ ಹೇಳಿದೆ. ಕ್ಷಮೆ ಕೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡರು.

"ಅಂದರೆ, ಊಟದ ಹೊತ್ತಿನಲ್ಲಿ ನಾನು ಇಸ್ಪೀಟ್ ಆಡೋದೂ ಕಾಣ್ತಿತ್ತಾ?"

"ಕಾಣ್ತಿತ್ತು. ಕಪ್ಪು ಒಂಬತ್ತು ಇಡೋ ಜಾಗ ಇದ್ರೂ ಎರಡು ಸಲ ಬಿಟ್ರಿ."

"ಒಂದು ಫೋನ್ ಮಾಡಿ ಹೇಳಬಾರದಿತ್ತಾ?" ಎಂದು ನಕ್ಕುಬಿಟ್ಟರು. ತಮ್ಮ ಕಪ್ಪಿನ ಅರ್ಧ ಚಹಾವನ್ನು ಸಾಸರಿಗೆ ಸುರಿದು ನನ್ನ ಕಡೆ ತಳ್ಳಿದರು. "ನೋಡಬೇಕು ಅನ್ಸಿದ್ರೆ ಇಲ್ಲಿಗೇ ಬನ್ನಿ ಸಾಹೇಬ್. ಕುರ್ಚಿ ಇದೆ."

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಆಕೆಗೆ ಆಶ್ಚರ್ಯವೇ ಆಗಲಿಲ್ಲ. "ನೀವು ಹಿಂದೆ ಬಂದು ನಿಂತಾಗೆಲ್ಲ ನನ್ನ ದೋಸೆ ಕಾವಲಿಗೆ ಹಿಡಿಯುತ್ತೆ. ಇಷ್ಟು ವರ್ಷ ಯಾರ ಹತ್ರ ಹೇಳಲಿ?"

ಯೋಚಿಸಿ ನೋಡಿ. ನಮ್ಮ ಕಣ್ಣೆದುರು ತಡವರಿಸುವ ಎಷ್ಟು ಜನ ನಾವು ಆ ಕಡೆ ಹೋದ ಕೂಡಲೇ ಸಲೀಸಾಗಿ ಕೆಲಸ ಮುಗಿಸುತ್ತಿರಬಹುದು? ಅವರನ್ನು ದಡ್ಡರೆಂದು ಬರೆದಿಟ್ಟ ರಿಪೋರ್ಟುಗಳು ನಮ್ಮ ತಲೆಯಲ್ಲಿ ಎಷ್ಟಿವೆ?

ಶುಕ್ರವಾರದ ರಿಪೋರ್ಟಿನಲ್ಲಿ ಆ ಮೊದಲ ಸಾಲು ಹೊಡೆದುಹಾಕಿ ನನ್ನ ಹೆಸರು ಬರೆದೆ. ಜನರಲ್ ಮ್ಯಾನೇಜರ್ ಎರಡು ಸಲ ಓದಿದರು. ಗೋಡೌನಿನ ಮಾತು ಅಲ್ಲಿಗೇ ನಿಂತಿತು. ಹಸ್ಮುಖ್‌ಭಾಯ್ ಚೀಟಿಗಳು ಈಗ ಹತ್ತು ಗಂಟೆಗೆಲ್ಲ ಕೆಳಗಿರುತ್ತವೆ.

ಗುರುವಾರದ ಊದುಬತ್ತಿ ಮಾತ್ರ ನಿಂತಿಲ್ಲ. ಜಾಗ ಬದಲಾಗಿದೆ. ಕಂಪ್ಯೂಟರಿನ ಮುಂದಲ್ಲ, ಈಗ ನನ್ನ ಕ್ಯಾಬಿನ್ ಬಾಗಿಲಿಗೆ ಹಚ್ಚಿ ಹೋಗುತ್ತಾರೆ.

ಕಾಡುತ್ತಿದ್ದ ಗ್ರಹ ಯಾವುದೆಂದು ಅವರಿಗೆ ಗೊತ್ತಾಯಿತಲ್ಲ.