ದೊಡ್ಡ ಗಾಳದ ಹೊಯ್ಟ್

ಓಲ್ಡ್ ರಿವರ್ ಕೆರೆಯ ದಂಡೆಯಲ್ಲಿ ಜೀವಂತ ಮರಿಮೀನು ಮಾರಿ ಬದುಕಿದವಳು ನಾನು. ಕ್ರಾಪಿ ಮೀನು ಹಿಡಿಯಲು ಬರುವವರೆಲ್ಲ ಮೊದಲು ನನ್ನ ಅಂಗಡಿಗೆ ಬಂದು, ಗಾಳಕ್ಕೆ ಸಿಕ್ಕಿಸಲು ಬಕೆಟ್ಟಿನಲ್ಲಿ ಮರಿಮೀನು ಹಾಕಿಸಿಕೊಂಡೇ ನೀರಿಗಿಳಿಯುತ್ತಿದ್ದರು, ಹೊಯ್ಟ್ ಟ್ರಾಮೆಲ್ ಒಬ್ಬನನ್ನು ಬಿಟ್ಟು. ಅವನು ಕೊಳ್ಳುತ್ತಿದ್ದುದು ಮಂಜುಗಡ್ಡೆ, ದೋಣಿಯ ಎಂಜಿನ್ನಿಗೆ ಎಣ್ಣೆ, ಅಷ್ಟೇ. ಇಂಥ ಗಿರಾಕಿಯನ್ನು ಕಂಡರೆ ಯಾವ ಅಂಗಡಿಯವಳಿಗೆ ಪ್ರೀತಿ ಉಕ್ಕೀತು?

ಅವನದು ಬೇರೆಯೇ ದಾರಿ. ದೊಡ್ಡ ಗಾಳ ಸಿಕ್ಕಿಸಿದ ಬೆರಳುದ್ದದ ಬಣ್ಣದ ಹುಸಿಮೀನುಗಳನ್ನು ದಾರಕ್ಕೆ ಕಟ್ಟಿ, ದೋಣಿಯ ಹಿಂಬದಿಗೆ ಸಾಲಾಗಿ ಕೋಲು ಸಿಕ್ಕಿಸಿ, ಮನುಷ್ಯ ನಡೆಯುವ ವೇಗದಲ್ಲಿ ಕೆರೆಯ ಈ ತುದಿಯಿಂದ ಆ ತುದಿಗೆ ಎಳೆದುಕೊಂಡು ಹೋಗುವುದು. ಜುಲೈ ಬಿಸಿಲಿಗೆ ಉಳಿದವರು ಸೈಪ್ರಸ್ ಮರಗಳ ನೆರಳಲ್ಲಿ ದೋಣಿ ಕಟ್ಟಿ, ಸಣ್ಣ ಗಾಳ ಇಳಿಸಿ ಕೂತಿದ್ದರೆ ಇವನೊಬ್ಬ ನಡುನೀರಲ್ಲಿ ಹೋಗುತ್ತ ಬರುತ್ತ ಇರುತ್ತಿದ್ದ. ದೋಣಿಯನ್ನು ಎಲ್ಲೂ ನಿಲ್ಲಿಸುತ್ತಿರಲಿಲ್ಲ. ಅವರು ಪೆಟ್ಟಿಗೆ ತುಂಬ ತಂದರೆ ಇವನು ನಾಲ್ಕೋ ಐದೋ ತರುತ್ತಿದ್ದ. ಆದರೆ ಒಂದೊಂದೂ ತಟ್ಟೆಯಷ್ಟು ದೊಡ್ಡದು. ಎಷ್ಟೋ ದಿನ ಬರಿಗೈಯಲ್ಲೇ ಬರುತ್ತಿದ್ದ.

"ಏನ್ ಹೊಯ್ಟಣ್ಣ, ಮೀನು ಹಿಡೀತಿದೀಯೋ, ಕೆರೆ ಉಳ್ತಿದೀಯೋ?" ಎಂದು ಕೆಣಕುತ್ತಿದ್ದೆ.

"ನಿನ್ನ ಮರಿಗಳು ಬದುಕ್ಕೊಳ್ಳಿ ಬಿಡು ಅರ್ಡೆಲ್. ಎಲ್ರೂ ಸೇರಿ ತಿಂದ್ಹಾಕ್ತಿದೀರ," ಎನ್ನುತ್ತಿದ್ದ.

ಅವನು ಸಣ್ಣ ಗಾಳ ಮುಟ್ಟುವುದಿಲ್ಲ ಏಕೆಂದು ಊರಿಗೆಲ್ಲ ಗೊತ್ತಿತ್ತು. ಮೂವತ್ತು ವರ್ಷದ ಹಿಂದೆ ಅವನೂ ಎಲ್ಲರಂತೆ ಮರದ ಬುಡದಲ್ಲೇ ಕೂರುತ್ತಿದ್ದ. ನಾಲ್ಕು ವರ್ಷದ ಮಗಳು ಓಪಲ್ ಎದುರಿನ ಸೀಟಿನಲ್ಲಿರುತ್ತಿದ್ದಳು. ಸಣ್ಣ ಗಾಳಕ್ಕೆ ಸಣ್ಣವೂ ಬೀಳುತ್ತವೆ, ಅವನ್ನು ಬಿಡಿಸಿ ನೀರಿಗೆ ಎಸೆಯಬೇಕು. ಬೇಸಿಗೆಯ ಬಿಸಿನೀರಿಗೆ ಬಿದ್ದ ಮರಿಗಳಿಗೆ ಚೇತರಿಕೆ ಎಲ್ಲಿಂದ ಬರಬೇಕು, ಮಗ್ಗುಲಾಗಿ ತೇಲುತ್ತವೆ. ಹಾಗೆ ತೇಲುತ್ತಿದ್ದ ಒಂದಕ್ಕೆ ಕೈ ಚಾಚಿ ಮಗು ಬಗ್ಗಿತು. ಹೊಯ್ಟ್ ಬೆನ್ನು ತಿರುಗಿಸಿ ಇನ್ನೊಂದು ಮೀನಿನ ಬಾಯಿಂದ ಗಾಳ ಬಿಡಿಸುತ್ತಿದ್ದ. ಆ ಮರದ ಬೇರುಗಳ ನಡುವೆ ನೀರು ಬಹಳ ಆಳ.

ಅಪ್ಪನಾದವನು ನೋಡಿಕೊಳ್ಳಬೇಕಿತ್ತು ಎಂದು ಊರು ಅಂದಿತು. ಅವನ ಹೆಂಡತಿ ವೆಲ್ಡಕ್ಕ ಮಾತ್ರ ಒಂದು ಮಾತೂ ಅನ್ನಲಿಲ್ಲ. ಅನ್ನದಿದ್ದದ್ದೇ ಕಷ್ಟವಾಯಿತೇನೋ. ಮಗುವಿನ ಹೆಸರು ಆ ಮನೆಯಲ್ಲಿ ಮತ್ತೆ ಕೇಳಿಸಲಿಲ್ಲ. ಅವಳು ದೋಣಿ ಹತ್ತುವುದನ್ನು ಬಿಟ್ಟಳು, ಅವನು ದೋಣಿ ನಿಲ್ಲಿಸುವುದನ್ನು ಬಿಟ್ಟ. ಅವನು ತಂದ ದೊಡ್ಡ ಮೀನನ್ನು ಅವಳು ಹುರಿದು ಬಡಿಸುತ್ತಿದ್ದಳು, ಇಬ್ಬರೂ ತಿನ್ನುತ್ತಿದ್ದರು.

ಈ ಬೇಸಿಗೆ ವೆಲ್ಡಕ್ಕ ಹಾಸಿಗೆ ಹಿಡಿದಳು. ಕ್ಯಾನ್ಸರ್ ಹೊಟ್ಟೆಯೆಲ್ಲ ಹಬ್ಬಿ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಚರ್ಚಿನ ಹೆಂಗಸರು ತಂದಿಟ್ಟ ಕೋಳಿ, ಪೀಚ್ ಹಣ್ಣಿನ ಸಿಹಿ ಎಲ್ಲ ಮುಟ್ಟದೆ ಹಾಗೇ ಉಳಿಯುತ್ತಿತ್ತು. ಒಂದು ಮುಂಜಾನೆ ಹೊಯ್ಟ್ ಅಂಗಡಿಗೆ ಬಂದು ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತ.

"ಸಣ್ಣ ಗಾಳ ಕೊಡು ಅರ್ಡೆಲ್. ಮರಿಮೀನೂ ಹಾಕು."

ಬಕೆಟ್ ಕೈಗೆತ್ತಿಕೊಂಡು ಅವನ ಮುಖ ನೋಡಿದೆ.

"ವೆಲ್ಡಾ ಕೇಳಿದಾಳೆ," ಎಂದ. "ಸಣ್ಣ ಕ್ರಾಪಿ ಬೇಕಂತೆ, ಬಾಲದ ಸಮೇತ ಗರಿಗರಿಯಾಗಿ ಹುರಿದು. ಅವರಮ್ಮ ಮಾಡ್ತಿದ್ದ ಹಂಗೆ. ಇನ್ನೇನೂ ಬೇಡ ಅಂತಾಳೆ." ಕೆರೆಯ ಕಡೆ ತಿರುಗಿ, "ಒಬ್ನೇ ಹೋಗೋಕೆ ಆಗ್ತಿಲ್ಲ," ಎಂದ.

ಅಂಗಡಿಗೆ ಬೀಗ ಹಾಕಿ ಹೊರಟೆ. ಅವನು ನೇರ ಆ ಮರದ ಬುಡಕ್ಕೇ ದೋಣಿ ತಂದು ಎಂಜಿನ್ ಆರಿಸಿದ. ಬೇರೆ ಮರಗಳಿರಲಿಲ್ಲವೇ ಎಂದು ಕೇಳಬೇಕೆನಿಸಿತು. ಗಾಳದ ಕಣ್ಣಿಗೆ ದಾರ ಪೋಣಿಸಿ ನಾನೇ ಕಟ್ಟಿಕೊಟ್ಟೆ. ಇಳಿಸಿದ್ದೇ ತಡ, ಮೀನು ಬಿತ್ತು. ಅಂಗೈಯಷ್ಟೂ ಇರಲಿಲ್ಲ. ಕ್ರಾಪಿಯ ಬಾಯಿ ಕಾಗದದಷ್ಟು ತೆಳು, ಎಳೆದರೆ ಹರಿಯುತ್ತದೆ. ಅವನು ಕೈಕೂಸನ್ನು ಎತ್ತುವಂತೆ ಎತ್ತಿದ. ಇನ್ನೊಂದು ತೀರಾ ಚಿಕ್ಕದು ಬಂದಾಗ ಬಿಟ್ಟುಬಿಡೋಣವೇ ಎಂಬಂತೆ ನಾನು ನೋಡಿದೆ.

"ಬೇಡ," ಎಂದ. "ಒಂದನ್ನೂ ವಾಪಸ್ ಬಿಡಲ್ಲ."

ಹಿಡಿದದ್ದನ್ನೆಲ್ಲ ಮಂಜುಗಡ್ಡೆಯಲ್ಲಿಟ್ಟು ಮನೆಗೆ ತಂದೆವು. ನಾನೇ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕಬ್ಬಿಣದ ಬಾಣಲೆಗೆ ಬಿಟ್ಟೆ. ಎಣ್ಣೆಯ ಸದ್ದು ಕೇಳಬೇಕೆಂದು ವೆಲ್ಡಕ್ಕ ಮಂಚವನ್ನು ಅಡುಗೆಮನೆಯ ಬಾಗಿಲಿಗೆ ಎಳೆಸಿಕೊಂಡಿದ್ದಳು. ಹೊಯ್ಟ್ ತಟ್ಟೆ ಹಿಡಿದ. ಅವಳು ಒಂದು ಬಾಲದ ತುದಿ ಕಡಿದು, ಬಹಳ ಹೊತ್ತು ಅಗಿದು, ನುಂಗಿದಳು.

"ಕೂತ್ಕೋ ಹೊಯ್ಟ್," ಎಂದಳು. "ತಿನ್ನೋಕೆ ಅಂತ ಕೇಳಿದ್ದಲ್ಲ. ಇವು ಕಣ್ಣೆದುರು ಇಲ್ದೆ ಈ ಮಾತು ನನ್ನ ಬಾಯಿಂದ ಬರಲ್ಲ."

ನಾನು ಹೊರಗೆ ಹೋಗಲು ತಿರುಗಿದೆ. "ನೀನೂ ಇರು ಅರ್ಡೆಲ್, ಒಬ್ರಾದ್ರೂ ಕೇಳಿಸ್ಕೊಳ್ಳಿ," ಎಂದಳು.

"ಓಪಲ್‌ಗೆ ಅದನ್ನ ಹೇಳ್ಕೊಟ್ಟೋಳು ನಾನು. ಅದರ ಹಿಂದಿನ ವಾರ ದಂಡೇಲಿ ಒಂದು ಮರಿ ಮಗ್ಗುಲಾಗಿ ತೇಲ್ತಿತ್ತು. ಕೈ ಹಾಕಿ ನೆಟ್ಟಗೆ ಹಿಡ್ಕೋ, ಉಸಿರು ಬರುತ್ತೆ, ಈಜ್ಕೊಂಡು ಹೋಗುತ್ತೆ ಅಂತ ತೋರಿಸ್ದೆ. ಅದು ಹೋಯ್ತು ಕೂಡ. ಮಗು ಚಪ್ಪಾಳೆ ತಟ್ತು. ಅದಕ್ಕೇ ಕಣೋ ಅವಳು ಬಗ್ಗಿದ್ದು. ಊರೆಲ್ಲ ನಿನ್ನ ಅಂದ್ರು, ನಾನು ಬಾಯಿ ಮುಚ್ಕೊಂಡು ಇದ್ಬಿಟ್ಟೆ."

ಹೊಯ್ಟ್ ತಟ್ಟೆಯನ್ನು ಮಂಚದ ಮೇಲಿಟ್ಟ.

"ಗೊತ್ತಿತ್ತು," ಎಂದ.

"ಏನು ಗೊತ್ತಿತ್ತು?"

"ದೋಣೀಲಿ ಅವಳೇ ಹೇಳಿದ್ಳು. ಅಮ್ಮ ತೋರಿಸಿದಾಳೆ, ನಂಗೂ ಬರುತ್ತೆ ಅಂತ. ಆಯ್ತಮ್ಮ ಅಂದೆ. ಅಂದು ಆ ಕಡೆ ತಿರುಗ್ದೆ."

"ಹಂಗಾದ್ರೆ ಆ ದೊಡ್ಡ ಗಾಳ ಯಾಕೆ?"

"ಸಣ್ಣ ಮೀನು ಮನೆಗೆ ಬಂದ್ರೆ ನಿಂಗೆ ಅದೇ ನೆನಪಾಗುತ್ತಲ್ಲ ಅಂತ."

ವೆಲ್ಡಕ್ಕ ಅವನ ಅಂಗಿಯ ತೋಳು ಹಿಡಿದಳು. ಬಿಗಿಯಾಗಿ ಹಿಡಿಯುವ ಶಕ್ತಿ ಇರಲಿಲ್ಲ. "ಒಂದ್ಸಲ ಹೇಳ್ಬಾರ್ದಿತ್ತೇನೋ. ನಿನ್ನ ಮುಖ ನೋಡೋಕೆ ಹೆದ್ರಿ ಹೆದ್ರಿ ಬಾಳಿದೆನಲ್ಲೋ."

"ನಾನು ಹೇಳಿದ್ರೆ ದೂರಿದ ಹಂಗೆ ಆಗ್ತಿತ್ತು. ನೀನೇ ಹೇಳ್ತೀಯ ಅಂತ ಕಾದೆ."

ನನಗೆ ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು. ಒಂದೇ ಮೇಜಿನಲ್ಲಿ ಎದುರುಬದುರು ಕೂತು ಉಂಡವರು, ಒಂದು ಮಾತಿಗೆ ಇಡೀ ಬಾಳನ್ನೇ ಕಾಯಿಸಿದರಲ್ಲ. ಒಲೆ ಆರಿಸಿ ಗೋಡೆಯ ಕಡೆ ತಿರುಗಿ ಅತ್ತೆ. ಉಳಿದ ಮೀನನ್ನು ಯಾರೂ ತಿನ್ನಲಿಲ್ಲ.

ವೆಲ್ಡಕ್ಕ ಆ ಭಾನುವಾರ ಹೋದಳು. ಓಪಲ್ ಪಕ್ಕದಲ್ಲೇ ಮಣ್ಣು ಮಾಡಿದೆವು.

ಎರಡು ವಾರದ ಮೇಲೆ ಹೊಯ್ಟ್ ದೋಣಿ ಇಳಿಸಿದ. ಹಿಂಬದಿಗೆ ಅವೇ ಕೋಲುಗಳು, ಅವೇ ದೊಡ್ಡ ಗಾಳದ ಹುಸಿಮೀನುಗಳು. ಮಂಜುಗಡ್ಡೆಗೆ ಬಂದಾಗ ತಡೆಯಲಾರದೆ ಕೇಳಿದೆ.

"ಇನ್ನೂ ಯಾಕೆ ಹೊಯ್ಟಣ್ಣ ಅದು? ಯಾರಿಗೋಸ್ಕರ?"

"ಸಣ್ಣದು ಹಾಕಿದ್ರೆ ದೋಣಿ ನಿಲ್ಲಿಸ್ಬೇಕಲ್ಲ ಅರ್ಡೆಲ್," ಎಂದ. "ಹೋಗ್ತಿದ್ರೆ ಕಣ್ಣು ಹಿಂದಿನ ಕೋಲುಗಳ ಮೇಲಿರುತ್ತೆ, ನಿಲ್ಲಿಸಿದ್ರೆ ಎದುರಿನ ಸೀಟು ಕಾಣುತ್ತೆ."

ಪೆಟ್ಟಿಗೆಗೆ ಮಂಜುಗಡ್ಡೆ ತುಂಬಿಕೊಟ್ಟೆ. ಅವನು ಎತ್ತಿಕೊಂಡು ದೋಣಿಯ ಕಡೆ ನಡೆದ.