ಗಿರಿಜಾಳ ಗಾಯಕ್ಕೆ ನಾನು ಕೊಟ್ಟ ಹೆಸರು

ಗಿರಿಜಾ, ನಿನ್ನ ಬೆನ್ನ ಮೇಲಿದ್ದದ್ದು ಕಾಮಾಲೆಗೆ ಹಾಕಿಸಿದ ಬರೆಯಲ್ಲ ಎಂದು ನನಗೆ ಗೊತ್ತಿತ್ತು. ನೋಡಿದ ಕ್ಷಣವೇ ಗೊತ್ತಿತ್ತು. ಆದರೂ ಬರೆಯೇ ಎಂದು ಹೇಳಿದೆ — ನಿನ್ನೆದುರಿಗೇ ಹೇಳಿದೆ.

ನೀನಾಗ ಕೊಟ್ಟೂರಿನಲ್ಲಿ, ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಎರಡನೇ ತರಗತಿ. ತಾಯಿ ಇರಲಿಲ್ಲ, ತಂದೆ ಲಾರಿ ಓಡಿಸುತ್ತ ಊರೂರು ಅಲೆಯುತ್ತಿದ್ದ. ನಿನ್ನನ್ನು ಸಾಕುತ್ತಿದ್ದವಳು ಸೋದರತ್ತೆ ಅನ್ನಪೂರ್ಣ. ಅವಳು ನನ್ನ ಪಕ್ಕದ ಮನೆಯವಳು, ನನ್ನ ಗೆಳತಿ. ಆ ದಿನ ನಿನ್ನ ಅಂಗಿಯ ಹಿಂದಿನ ಜಿಪ್ಪು ಕಿತ್ತು ಬೆನ್ನು ಕಂಡಿತು. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಶ್ವೇತಾ ಮೇಡಂ ನಿನ್ನನ್ನು ಸ್ಟಾಫ್ ರೂಮಿಗೆ ಕರೆತಂದರು.

“ಇದು ಯಾರೋ ಬೇಕಂತಲೇ ಸುಟ್ಟಿರೋದು. ಮಕ್ಕಳ ಸಹಾಯವಾಣಿಗೆ ಫೋನ್ ಮಾಡ್ತೀನಿ,” ಎಂದರು. ಫೋನ್ ಕೈಯಲ್ಲೇ ಇತ್ತು.

ನಾನು ಬಳೆ ಸರಿಸಿ ನನ್ನ ಮುಂಗೈ ತೋರಿಸಿದೆ. ಚಿಕ್ಕವಳಿದ್ದಾಗ ಅಜ್ಜಿ ಹಾಕಿಸಿದ ಬರೆ ಅಲ್ಲಿದೆ. “ನಮ್ಮ ಕಡಿ ಹಿಂಗರಿ ಮೇಡಂ. ಕಾಮಾಲಿ ಆದ್ರ ಬರಿ ಹಾಕಿಸ್ತಾರ. ನೋಡ್ರಿ, ನನಗೂ ಹಾಕ್ಯಾರ.”

ಹೌದೇನಮ್ಮಾ ಎಂದು ಅವರು ನಿನ್ನನ್ನು ಕೇಳಿದರು. ನೀನು ನನ್ನ ಮುಖ ನೋಡಿದೆ. ಆಮೇಲೆ ಹೌದೆಂದು ತಲೆಯಾಡಿಸಿದೆ. ಅವರು ಫೋನ್ ಒಳಗಿಟ್ಟರು.

ಕಾಮಾಲೆಗೆ ಹಾಕುವ ಬರೆ ಮುಂಗೈ ಮೇಲೆ, ಕಡ್ಡಿಯಷ್ಟು ಸಣ್ಣದು. ಅದೂ ಮಗುವನ್ನು ಸುಡುವುದೇ. ಅದು ಬೇರೆ ಮಾತು — ಇಲ್ಲ, ಬೇರೆ ಮಾತಲ್ಲ. ನಿನ್ನ ಬೆನ್ನ ಮೇಲಿದ್ದದ್ದು ಇಕ್ಕಳದ ಗುರುತು. ಒಂದು ಹಳೆಯದು, ಒಂದು ಇನ್ನೂ ಹಸಿ. ಅನ್ನಪೂರ್ಣ ಆ ಇಕ್ಕಳದಿಂದ ಹಾಲಿನ ಪಾತ್ರೆ ಇಳಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ, ಅವಳ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತ.

ಸಂಜೆ ಅವಳ ಮನೆಗೆ ಹೋದೆ. ಗದರಿಸಲು ಹೋಗಿದ್ದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ನಿಜವಾಗಿ ಅವಳನ್ನು ಎಚ್ಚರಿಸಲು ಹೋಗಿದ್ದೆ. ಶಾಲೆಯಲ್ಲಿ ಮೈಸೂರಿನ ಮೇಡಂ ಕೇಳುತ್ತಿದ್ದಾರೆ, ಹುಷಾರಾಗಿರು ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ನೀನು ದಿನಾ ಹಾಸಿಗೆ ಒದ್ದೆ ಮಾಡುತ್ತೀಯ ಎಂದಳು.

“ಯಾರಾಕಿ, ಮೈಸೂರ ಮಹಾರಾಣಿ? ದಿನಾ ಮುಂಜಾನಿ ಬಂದು ಆ ಕೌದಿ ಒಗೀಲಿ, ಆಮ್ಯಾಲ ನನಗ ಬುದ್ಧಿ ಹೇಳ್ಲಿ.”

ನಾನು ನಕ್ಕೆ — ಹೌದು, ನಕ್ಕೆ. ನೀನು ಬಾಗಿಲ ಬಳಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದೆ. ಹೊರಡುವಾಗ ಅವಳೆಂದಳು: “ಇನ್ಮ್ಯಾಲ ಕಾಣಂಗಿಲ್ಲ ಬಿಡವ್ವ.”

ಅದರ ಅರ್ಥ ನನಗೆ ಆಗಲೇ ಆಗಿತ್ತು.

ಮುಂದೆ ಏನೂ ಕಾಣಲಿಲ್ಲ. ಒಂದು ದಿನ ನೀನು ತರಗತಿಯಲ್ಲಿ ಬೆಂಚಿನ ಪಕ್ಕ ನಿಂತೇ ಇದ್ದೆ. ಮಕ್ಕಳು ನಗುತ್ತಿದ್ದರು. ಕುಂದರು ಎಂದೆ. ನೀನು ಕೂರಲಿಲ್ಲ. ಏಕೆ ಎಂದು ಕೇಳಬಹುದಿತ್ತು. ಕೇಳಿದರೆ ತಿಳಿಯುತ್ತಿತ್ತು, ತಿಳಿದರೆ ನಾನು... ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ. ನೀನು ಕೂತೆ. ಎರಡೂ ಕೈ ಬೆಂಚಿನ ಅಂಚನ್ನು ಹಿಡಿದವು. ನಾನು ಬೋರ್ಡಿನ ಕಡೆ ತಿರುಗಿ ಮಗ್ಗಿ ಬರೆಯತೊಡಗಿದೆ.

ಮರುದಿನ ನೀನು ಬರಲಿಲ್ಲ. ಗಾಯ ಕೀವಾಗಿ ಜ್ವರ ಏರಿದ ಮೇಲೆ ನಿನ್ನನ್ನು ಹರಪನಹಳ್ಳಿ ಆಸ್ಪತ್ರೆಗೆ ಒಯ್ದರು. ನಾನೂ ಹೋಗಿದ್ದೆ, ಅನ್ನಪೂರ್ಣಳಿಗೆ ಜೊತೆಯಾಗಿ. ತೊಡೆಯ ಹಿಂಭಾಗ ನೋಡಿದ ಡಾಕ್ಟರು ಪೊಲೀಸರಿಗೆ ತಿಳಿಸಿದರು. ಕಾದ ಹಂಚಿನ ಮೇಲೆ ನೋಡದೆ ಕೂತುಬಿಟ್ಟಳು ಎಂದು ಅನ್ನಪೂರ್ಣ ಹೇಳಿದಳು. ಹಾಗಾದರೆ ಬೆನ್ನ ಮೇಲಿನದೇನು ಎಂದು ಮಹಿಳಾ ಪೊಲೀಸ್ ನಿನ್ನನ್ನೇ ಕೇಳಿದರು.

“ಕಾಮಾಲಿಗೆ ಬರಿ ಹಾಕಿದ್ದರಿ.”

ನಾನು ಕಲಿಸಿದ್ದರಲ್ಲಿ ನೀನು ತಪ್ಪಿಲ್ಲದೆ ಒಪ್ಪಿಸಿದ್ದು ಅದನ್ನೇ.

“ಖರೇ ಏನ್ರಿ ಟೀಚರ್?” ಎಂದು ಅವರು ನನ್ನ ಕಡೆ ತಿರುಗಿದರು.

“ಹೌದ್ರಿ,” ಎಂದೆ.

ಶಾಲೆಯ ಟೀಚರೇ ಹೇಳಿದ ಮೇಲೆ ಅವರು ಮತ್ತೇನೂ ಕೇಳಲಿಲ್ಲ. ನಿನ್ನನ್ನು ಅದೇ ಮನೆಗೆ ಕಳಿಸಿದರು. ನಿಮ್ಮಪ್ಪ ಬಂದು ನಿನ್ನನ್ನು ಕರೆದೊಯ್ಯುವಷ್ಟರಲ್ಲಿ ಎರಡು ವರ್ಷ ಕಳೆದಿದ್ದವು. ಅಷ್ಟೂ ದಿನ ನಡುವಿನ ಗೋಡೆಯಾಚೆ ಆಗುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ನಾನು ಟಿವಿ ಸದ್ದು ಏರಿಸುತ್ತಿದ್ದೆ.

ಅನ್ನಪೂರ್ಣ ಈಗ ಮಗನ ಮಗಳನ್ನು ಸಾಕುತ್ತಿದ್ದಾಳೆ. ಈ ಬಿಸಿಲಲ್ಲೂ ಆ ಮಗುವಿಗೆ ತುಂಬು ತೋಳಿನ ಅಂಗಿ. ಮೊನ್ನೆ ಪ್ರೀತಿಯಿಂದ ತಲೆ ಸವರಲು ಕೈ ಎತ್ತಿದೆ. ಅದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿತು.

ಇಂದು ಬೆಳಿಗ್ಗೆ ಸಹಾಯವಾಣಿಗೆ ಫೋನ್ ಮಾಡಿದೆ. ನನ್ನ ಹೆಸರು, ಅನ್ನಪೂರ್ಣಳ ಹೆಸರು, ಮನೆ ಎಲ್ಲಿದೆ — ಎಲ್ಲ ಹೇಳಿದೆ. ನಿನಗೆ ಆದದ್ದನ್ನೂ, ಅಂದು ನಾನು ಸುಳ್ಳು ಹೇಳಿದ್ದನ್ನೂ ಹೇಳಿದೆ. ಅಧಿಕಾರಿಗಳು ಬಂದಾಗ ಅವಳ ಮುಂದೆಯೇ ಮತ್ತೆ ಹೇಳುತ್ತೇನೆ. ಇದರಿಂದ ನಿನ್ನ ಆ ಎರಡು ವರ್ಷಗಳಲ್ಲಿ ಒಂದು ದಿನವೂ ಅಳಿಸುವುದಿಲ್ಲ.

ನಿನ್ನಲ್ಲಿ ಕ್ಷಮೆ ಕೇಳುವುದಿಲ್ಲ ಗಿರಿಜಾ. ಕೇಳಿದರೆ, ನನ್ನನ್ನು ಉಳಿಸುವ ಕೆಲಸ ಮತ್ತೆ ನಿನ್ನ ಮೇಲೆಯೇ ಬೀಳುತ್ತದೆ.