ಕತ್ತೆ ನಿಂತ ಜಾಗ

ಕೊಲ್ಲಿ ದೇಶದ ಫಹಾಹೀಲ್ ಪಟ್ಟಣದ ಆಚೆಗಿನ ಮರಳುಗಾಡಿನಲ್ಲಿ ಬೆಳಿಗ್ಗೆಯಿಂದ ಕತ್ತೆಯ ನಡಿಗೆಗೆ ತಕ್ಕಂತೆ ನಡೆಯುತ್ತಿದ್ದೆವು. ಅದರ ಬೆನ್ನ ಮೇಲೆ ಆರು ವರ್ಷದ ಮಗಳು ಅನು, ಹಿಂದೆ ನಾನು ಮತ್ತು ಹೆಂಡತಿ ಲತಾ, ಪಕ್ಕದಲ್ಲಿ ಕತ್ತೆಯ ಯಜಮಾನ ಗುಲ್ ಚಾಚಾ. ಮಂಜು ಕವಿದಿತ್ತು. ಕಪ್ಪು ನೆಲವೊಂದು ಎದುರಾದಾಗ ಕತ್ತೆ ನಿಂತಿತು.

ಚಾಚಾ ಕತ್ತೆಯನ್ನು ಎಂದೂ ಎಳೆಯುವುದಿಲ್ಲ. ಅದು ನಿಂತಲ್ಲಿ ಕುಳಿತು ಚಹಾ ಕಾಸುತ್ತಾನೆ. ಅಂದಿನ ಮೂರನೆಯ ಚಹಾಕ್ಕೆ ಒಲೆ ಹೂಡಿದ.

“ನಿಮಗಿಂತ ಕತ್ತೆಗೆ ಬುದ್ಧಿ ಜಾಸ್ತಿ ಮಾರಾಯ್ರೆ, ಕೂತ್ಕೊಳ್ಳಿ” ಎಂದು ಲತಾ ಮುಂದೆ ಹೊರಟ ನನ್ನನ್ನು ತಡೆದಳು.

ನೆಲ ನಮ್ಮೂರಿನ ಪಾದೆಕಲ್ಲಿನ ಹಾಸುಬಂಡೆಯಂತೆ ಕಾಣುತ್ತಿತ್ತು. ಊರಿನ ರೂಢಿಯಂತೆ ಕಲ್ಲೆಸೆದು ನೋಡಿದೆ. ಟಕ್ಕನೆ ಪುಟಿಯಿತು. ಗಟ್ಟಿಯೇ ಎಂದು ಕತ್ತೆಯ ಕೊರಳಿನ ಉದ್ದ ಹಗ್ಗ ಹಿಡಿದು ಎಳೆಯುತ್ತಾ ಮುಂದೆ ಹೋದೆ. ಕತ್ತೆ ಅಲುಗಲಿಲ್ಲ.

“ಪಪ್ಪಾ, ಹೀ ಈಸ್ ಸ್ಕೇರ್ಡ್!” ಅನು ಕೂಗಿದಳು.

ಮೂರನೆಯ ಹೆಜ್ಜೆಗೆ ನೆಲ ಹಪ್ಪಳದಂತೆ ಮುರಿಯಿತು. ಯುದ್ಧದಲ್ಲಿ ಒಡೆದ ಎಣ್ಣೆಬಾವಿಗಳಿಂದ ಹರಿದ ಎಣ್ಣೆ ಅದರಡಿಯಲ್ಲಿ ಹಾಗೆಯೇ ಇತ್ತು. ತೊಡೆಯವರೆಗೆ ಇಳಿದರೂ ಕಾಲಿಗೆ ತಳ ಸಿಗಲಿಲ್ಲ.

“ರಸ್ಸಿ ಮತ್ ಛೋಡೋ, ಭಾಯಿ!”

ಹಗ್ಗ ಬಿಡಬೇಡ ಎಂದು ಕೂಗಿದ ಚಾಚಾ ನಾಲಿಗೆಯಲ್ಲಿ ಸದ್ದು ಮಾಡಿದ. ಕತ್ತೆ ಅನುವನ್ನು ಹೊತ್ತುಕೊಂಡೇ, ತಾನು ಬಂದ ಗೊರಸಿನ ಗುರುತುಗಳಲ್ಲೇ ಒಂದೊಂದಾಗಿ ಕಾಲಿಡುತ್ತಾ ಹಿಂದಕ್ಕೆ ನಡೆಯಿತು. ಹಗ್ಗದೊಂದಿಗೆ ನಾನೂ ಬಂದೆ.

ಚಪ್ಪಲಿ ಬರಲಿಲ್ಲ. ಅದು ಹೋದಲ್ಲಿ ಒಂದು ಕಪ್ಪು ಗುಳ್ಳೆ ಎದ್ದು, ಒಡೆಯದೆ ನಿಂತಿತು. ಚಹಾ ಮುಗಿಯುವ ತನಕ ನಾನು ಅದನ್ನೇ ನೋಡುತ್ತಿದ್ದೆ. ಕತ್ತೆಯೂ ನೋಡುತ್ತಿತ್ತು.